ಸಾಂಕ್ರಾಮಿಕದ ಗಣಿತ: ಬಾಗಿಲು ಮುಚ್ಚುವುದು ಯಾವಾಗ, ತೆರೆಯುವುದು ಯಾವಾಗ?

ಚಕ್ರಬಡ್ಡಿಯ ಲೆಕ್ಕವನ್ನು ವರ್ತಕ ಬಾಂಧವರಿಗೆ ಯಾರೂ ಕಲಿಸಬೇಕಾಗಿಲ್ಲ. ಸಾಂಕ್ರಾಮಿಕ ರೋಗವೂ ಅದೇ ಬಗೆಯಲ್ಲಿ ಬೆಳೆಯುತ್ತದೆ. ಒಬ್ಬ ರೋಗಿಯಿಂದ ಇಬ್ಬರಿಗೆ, ಇಬ್ಬರಿಂದ ನಾಲ್ವರಿಗೆ ಹರಡುತ್ತ ಹೋದರೆ ಹತ್ತನೆಯ ಸುತ್ತಿನಲ್ಲಿ 1,024 ಮಂದಿ ಹೊಸ ರೋಗಿಗಳಾಗುತ್ತಾರೆ. ಆದುದರಿಂದ ನಿಯಂತ್ರಣ ಕ್ರಮಗಳನ್ನು ಎಂದು ಆರಂಭಿಸಬೇಕೆಂಬುದು ವೈದ್ಯರ ಪ್ರಶ್ನೆ ಮಾತ್ರವಲ್ಲ. ವಾಣಿಜ್ಯ ವಲಯದ ಲಾಭ-ನಷ್ಟದ ಪ್ರಶ್ನೆಯೂ ಹೌದು.

ಮುಂಬಯಿಯ ಪ್ಲೇಗಿನಿಂದ ಒಂದು ಸೂತ್ರ

ಈ ಲೆಕ್ಕಕ್ಕೆ ಭದ್ರವಾದ ಗಣಿತದ ರೂಪ ದೊರೆತದ್ದು 1927ರಲ್ಲಿ. ಕರ್ಮಾಕ್ ಮತ್ತು ಮೆಕೆಂಡ್ರಿಕ್ ಎಂಬ ಇಬ್ಬರು ವಿಜ್ಞಾನಿಗಳು ಜನಸಂಖ್ಯೆಯನ್ನು ಮೂರು ಭಾಗಗಳಾಗಿ ವಿಂಗಡಿಸಿದರು: ರೋಗ ತಗಲಬಹುದಾದವರು, ರೋಗಗ್ರಸ್ತರು, ಗುಣಮುಖರಾದ ಅಥವಾ ಮೃತರಾದವರು. ಭಾರತದಲ್ಲಿ ವೈದ್ಯಾಧಿಕಾರಿಯಾಗಿ ಸೇವೆ ಸಲ್ಲಿಸಿದ್ದ ಮೆಕೆಂಡ್ರಿಕ್, ಕಸೌಲಿಯ ಪಾಶ್ಚರ್ ಸಂಸ್ಥೆಯ ನಿರ್ದೇಶಕರಾಗಿದ್ದವರು. 1905-06ರ ಮುಂಬಯಿ ಪ್ಲೇಗಿನ ವಾರವಾರದ ಸಾವಿನ ಅಂಕಿಗಳನ್ನೇ ಅವರು ತಮ್ಮ ಸೂತ್ರಕ್ಕೆ ಉದಾಹರಣೆಯಾಗಿ ಬಳಸಿದರು.

ಸೂತ್ರದ ಸಾರ ಸರಳವಾದುದು. ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಜನರಿಗೆ ಸೋಂಕು ತಗಲುತ್ತದೆ ಎಂಬ ಸಂಖ್ಯೆ 1ಕ್ಕಿಂತ ಹೆಚ್ಚಿದ್ದರೆ ರೋಗ ಹಬ್ಬುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಹತ್ತು ಮಂದಿಯಿಂದ ಎಂಟು ಮಂದಿಗಷ್ಟೇ ಹರಡುವಂತಾದರೆ, 100 ಮಂದಿ ರೋಗಿಗಳು ಮುಂದಿನ ಸುತ್ತುಗಳಲ್ಲಿ 80, 64, 51 ಆಗುತ್ತಾರೆ. ಲಸಿಕೆ, ರೋಗಿಗಳ ಪ್ರತ್ಯೇಕವಾಸ, ಜನಸಂದಣಿಯ ನಿರ್ಬಂಧ ಇವೆಲ್ಲದರ ಗುರಿ ಈ ಒಂದೇ ಸಂಖ್ಯೆಯನ್ನು ಇಳಿಸುವುದು.

ಎರಡು ನಗರಗಳ ಪಾಠ

1918ರ ಇನ್‌ಫ್ಲುಯೆಂಜಾ ಕಾಲದ ಅಮೆರಿಕದ ಎರಡು ನಗರಗಳನ್ನು ನೋಡೋಣ. ಫಿಲಡೆಲ್ಫಿಯಾದಲ್ಲಿ ನಾಗರಿಕರಲ್ಲಿ ಮೊದಲ ಪ್ರಕರಣಗಳು ವರದಿಯಾದದ್ದು ಸೆಪ್ಟೆಂಬರ್ 17ರಂದು. ಆದರೂ 28ರಂದು ಯುದ್ಧಸಾಲದ ಪ್ರಚಾರಕ್ಕಾಗಿ ಭಾರಿ ಮೆರವಣಿಗೆ ನಡೆಯಿತು. ಶಾಲೆ, ಚರ್ಚು, ರಂಗಮಂದಿರಗಳು ಮುಚ್ಚಿದ್ದು ಅಕ್ಟೋಬರ್ 3ರಂದು, ಅಂದರೆ 16 ದಿನಗಳ ಬಳಿಕ. ರೋಗ ನಾಲ್ಕು ದಿನಕ್ಕೊಮ್ಮೆ ಇಮ್ಮಡಿಸುತ್ತದೆಂದು ಭಾವಿಸಿದರೆ, 16 ದಿನಗಳ ವಿಳಂಬವೆಂದರೆ 16 ಪಟ್ಟು ರೋಗಿಗಳು! ಸೇಂಟ್ ಲೂಯಿಸ್ ನಗರವಾದರೋ, ಅಕ್ಟೋಬರ್ 5ರಂದು ಪ್ರಕರಣಗಳು ಕಂಡುಬಂದೊಡನೆ 7ರಂದೇ ಕ್ರಮ ಕೈಗೊಂಡಿತು. ಸಾವುಗಳು ಶಿಖರ ಮುಟ್ಟಿದ ವಾರದಲ್ಲಿ, ಪ್ರತಿ ಲಕ್ಷ ಜನರಿಗೆ ವಾಡಿಕೆಗಿಂತ ಹೆಚ್ಚಾಗಿ ಸತ್ತವರು ಫಿಲಡೆಲ್ಫಿಯಾದಲ್ಲಿ 257, ನಿರ್ಬಂಧಗಳು ಜಾರಿಯಲ್ಲಿದ್ದ ಅವಧಿಯಲ್ಲಿ ಸೇಂಟ್ ಲೂಯಿಸ್‌ನಲ್ಲಿ 31.

ಆದರೆ ನವೆಂಬರ್ ಮಧ್ಯದಲ್ಲಿ ಸೇಂಟ್ ಲೂಯಿಸ್ ನಿರ್ಬಂಧಗಳನ್ನು ಸಡಿಲಿಸಿದಾಗ ರೋಗ ಮರುಕಳಿಸಿತು. ನಿರ್ಬಂಧಗಳನ್ನು ಮತ್ತೆ ಹೇರಬೇಕಾಯಿತು. ಬೇಗ ಮುಚ್ಚುವುದರಷ್ಟೇ, ತಕ್ಕ ಹೊತ್ತಿಗೆ ತೆರೆಯುವುದೂ ಮುಖ್ಯ.

ಮಾದರಿ ಜಾತಕವಲ್ಲ

2020ರ ಮಾರ್ಚ್‌ನಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡವು ಬ್ರಿಟನ್ನಿನಲ್ಲಿ ಕೋವಿಡ್‌ನಿಂದ ಸುಮಾರು 5.1 ಲಕ್ಷ ಸಾವುಗಳಾಗಬಹುದೆಂದು ಲೆಕ್ಕ ಹಾಕಿತ್ತು. ಅದು ಯಾವ ಕ್ರಮವನ್ನೂ ಕೈಗೊಳ್ಳದಿದ್ದರೆ, ಜನರ ನಡವಳಿಕೆಯೂ ಬದಲಾಗದಿದ್ದರೆ ಎಂಬ ಷರತ್ತಿನ ಲೆಕ್ಕ. ಷರತ್ತನ್ನು ಬಿಟ್ಟು ಅಂಕಿಯನ್ನಷ್ಟೇ ಹಿಡಿದವರು ಅದನ್ನು ಭವಿಷ್ಯವಾಣಿ ಎಂದು ಭ್ರಮಿಸಿದರು. ಮಾದರಿಯ ನಿಜವಾದ ಉಪಯೋಗವಿರುವುದು ಹೀಗೆ ಮಾಡಿದರೇನು, ಹಾಗೆ ಮಾಡಿದರೇನು ಎಂಬ ಹೋಲಿಕೆಯಲ್ಲಿ.

ಅದೇ ಮಾರ್ಚ್ 24ರ ರಾತ್ರಿ ಘೋಷಣೆಯಾದ 21 ದಿನಗಳ ಲಾಕ್‌ಡೌನ್, ನಮ್ಮ ದೇಶದಲ್ಲಿ ಮಧ್ಯರಾತ್ರಿಯಿಂದಲೇ ಜಾರಿಗೆ ಬಂದುದನ್ನು ಯಾವ ಸಣ್ಣ ಕೈಗಾರಿಕೋದ್ಯಮಿಯೂ ಮರೆತಿರಲಾರ. ಮುಂದೆಂದಾದರೂ ಅಂತಹ ಸಂದರ್ಭ ಒದಗಿದರೆ ವಾಣಿಜ್ಯ ಸಂಸ್ಥೆಗಳು ಆಡಳಿತದ ಮುಂದೆ ಮೂರು ಪ್ರಶ್ನೆಗಳನ್ನಿಡಬೇಕು: ಈ ಲೆಕ್ಕದ ಆಧಾರವೇನು? ಪಾಳಿ ವಿಂಗಡಣೆಯಂತಹ ಸೌಮ್ಯ ಕ್ರಮವನ್ನು ಪೂರ್ಣ ಬಂದ್‌ನೊಡನೆ ಹೋಲಿಸಲಾಗಿದೆಯೇ? ಯಾವ ಅಂಕಿಗೆ ಇಳಿದಾಗ ಬಾಗಿಲು ತೆರೆಯಲಾಗುತ್ತದೆ? ಉತ್ತರಗಳು ಮೊದಲೇ ತಿಳಿದಿದ್ದರೆ ಕಚ್ಚಾ ಸಾಮಗ್ರಿ, ಕಾರ್ಮಿಕರ ವೇತನ, ಸಾಲದ ಕಂತುಗಳಿಗೆ ಸಿದ್ಧತೆ ಮಾಡಿಕೊಳ್ಳಬಹುದು. ಹಾಗೆಯೇ, ಬೇಗ ಬಾಗಿಲು ಹಾಕಿರೆಂದು ಆಡಳಿತ ಕೇಳಿದಾಗ ಅದನ್ನು ಒಪ್ಪುವ ಧೈರ್ಯವೂ ನಮಗಿರಬೇಕು.