ತಾಂಡೆಯ ನುಡಿ: ಅಳಿವು–ಉಳಿವು

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ತಾಂಡೆಯಲ್ಲೊಂದು ಮದುವೆ ನಡೆಯಿತು. ಕಲಘಟಗಿ ತಾಲೂಕಿನ ಆ ಲಂಬಾಣಿ ತಾಂಡೆಯೇ ನನ್ನ ಹುಟ್ಟೂರು. ಮದುಮಗಳು ನನ್ನ ದೊಡ್ಡಪ್ಪನ ಮಗಳು. ಹೆಣ್ಣು ತವರನ್ನು ಬಿಟ್ಟು ಹೊರಡುವಾಗ ‘ಢಾವಲೋ’ ಎಂಬ ಅಳುವಿನ ಹಾಡನ್ನು ಹಾಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ತಾಯಿತಂದೆಗಳನ್ನೂ ಬಂಧುಗಳನ್ನೂ ತಬ್ಬಿಕೊಂಡು, ತನ್ನ ದುಃಖವನ್ನು ತನ್ನ ಮಾತಿನಲ್ಲಿಯೇ ಅವಳು ಹೇಳಿಕೊಳ್ಳಬೇಕು. ಆದರೆ ನನ್ನ ತಂಗಿಗೆ ಆ ಹಾಡು ಬರಲಿಲ್ಲ. ಅವಳ ಪರವಾಗಿ ಅಜ್ಜಿ ಹಾಡಿದಳು. ಹಾಡು ಮುಗಿದ ಮೇಲೆ ಅದರ ಅರ್ಥವನ್ನು ನಾನು ಕೇಳಿದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತ, “ನಿನಗೂ ತಿಳಿಯಲಿಲ್ಲವೇನೋ?” ಎಂದಳು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವಾಯಿತು.

ನುಡಿಯೊಂದು ಹೇಗೆ ಸಾಯುತ್ತದೆ? ಯಾರೋ ಬಂದು ಅದನ್ನು ನಿಷೇಧಿಸಿದಾಗ ಮಾತ್ರ ಸಾಯುತ್ತದೆಂದು ನಾವು ತಿಳಿದಿರುತ್ತೇವೆ. ಅಂಥ ಉದಾಹರಣೆಗಳೂ ಉಂಟು. ಹವಾಯಿ ದ್ವೀಪಗಳಲ್ಲಿ 1896ರ ಕಾಯದೆಯೊಂದು ಶಾಲೆಗಳಿಗೆ ಇಂಗ್ಲಿಷನ್ನೇ ಮಾಧ್ಯಮವನ್ನಾಗಿ ಮಾಡಿತು; ಅಲ್ಲಿಯ ಮಕ್ಕಳ ಬಾಯಿಂದ ಹವಾಯಿ ನುಡಿ ಬಹುಮಟ್ಟಿಗೆ ಮರೆಯಾಯಿತು. ಆದರೆ ಹೆಚ್ಚಿನ ನುಡಿಗಳು ಇಷ್ಟು ಸ್ಪಷ್ಟವಾದ ಅಪ್ಪಣೆಯಿಂದ ಅಳಿಯುವುದಿಲ್ಲ. ಆ ನುಡಿಯಿಂದ ಅನ್ನ ಸಿಗದಂತಾಗಬೇಕು, ಅದನ್ನಾಡಲು ನಾಚಿಕೆಯಾಗಬೇಕು. ಇವೆರಡೂ ಕೂಡಿದರೆ ಸಾಕು, ಎರಡು ತಲೆಮಾರಿನಲ್ಲಿ ಕೆಲಸ ಮುಗಿಯುತ್ತದೆ.

ಧಾರವಾಡದ ನಮಗೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. 1818ರಲ್ಲಿ ಪೇಶವೆಯರ ಆಳಿಕೆ ಮುಗಿದು ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತು. ಕಚೇರಿಯಲ್ಲಿ ಮರಾಠಿ, ಶಾಲೆಯಲ್ಲಿಯೂ ಮರಾಠಿ. ಅದರ ಮೇಲೆ ಇಂಗ್ಲಿಷು. ಕನ್ನಡವು ಮನೆಯ ಹಾಗೂ ಹೊಲದ ಮಾತಾಗಿ ಉಳಿಯಿತು. ಇದು ಮರಾಠಿ ಜನರ ತಪ್ಪಲ್ಲ. ಆಡಳಿತದ ಅನುಕೂಲಕ್ಕಾಗಿ ಪರಕೀಯ ಸರಕಾರವು ಮಾಡಿಕೊಂಡ ಏರ್ಪಾಡಿನ ಫಲ. ವಿದ್ಯಾ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು (1834–1881) ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಧಾರವಾಡದಲ್ಲಿ ಸ್ಥಾಪಿಸಿದರು. 1894ರಲ್ಲಿ ಕಿಟೆಲ್ಲರ ನಿಘಂಟು ಅಚ್ಚಾಯಿತು. ಶಾಲೆ, ಸಂಘ, ಅಚ್ಚಿನ ಮೊಳೆ—ಈ ಮೂರರ ಬಲದಿಂದ ಕನ್ನಡವು ಇಲ್ಲಿ ತಲೆಯೆತ್ತಿ ನಿಂತಿತು. 1956ರ ನವೆಂಬರ 1ರಂದು ತನ್ನ ರಾಜ್ಯವನ್ನೂ ಪಡೆಯಿತು.

ಅದೇ ಆಂಗ್ಲರ ಆಳಿಕೆಯಲ್ಲಿ ನನ್ನ ಅಜ್ಜಿಯ ನುಡಿಗೆ ಏನಾಯಿತು? ಈ ನುಡಿಯನ್ನು ನಾವು ಗೋರಬೋಲಿ ಎನ್ನುತ್ತೇವೆ. ಅದು ರಾಜಸ್ಥಾನಿ ನುಡಿಗಳ ಬಳಗಕ್ಕೆ ಸೇರಿದ್ದು. ಅದಕ್ಕೆ ಸ್ವಂತ ಲಿಪಿಯಿಲ್ಲ. ನಮ್ಮ ಹಿರಿಯರು ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗಿಸುತ್ತಿದ್ದರು. ಈ ವ್ಯಾಪಾರಕ್ಕೆ ‘ಲದೇಣಿ’ ಎಂದು ಹೆಸರು. ಟಿಪ್ಪುವಿನೊಡನೆ ಕಾದಾಡಿದ ಕಾರ್ನ್‌ವಾಲೀಸನ ಸೈನ್ಯಕ್ಕೂ ಧಾನ್ಯ ಒದಗಿಸಿದವರು ಇಂಥವರೇ. ದಾರಿಯಲ್ಲಿ, ಬೀಡಿನಲ್ಲಿ, ತಮ್ಮತಮ್ಮೊಳಗಿನ ಲೆಕ್ಕಾಚಾರದಲ್ಲಿ ಗೋರಬೋಲಿಯೇ ನಡೆಯುತ್ತಿತ್ತು. ಆಮೇಲೆ ಸಡಕುಗಳಾದವು, 1880ರ ದಶಕದಲ್ಲಿ ಹುಬ್ಬಳ್ಳಿಗೂ ರೈಲು ಬಂದಿತು. ಎತ್ತಿನ ಹೇರು ಯಾರಿಗೂ ಬೇಡವಾಯಿತು. ಅನ್ನ ಹೋಯಿತು.

ನಾಚಿಕೆಯೂ ಹಿಂದೆಯೇ ಬಂದಿತು. 1871ರಲ್ಲಿ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯದೆಯನ್ನು ಮಾಡಿ, ಅಲೆದು ಬದುಕುವ ಅನೇಕ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದುಕೊಂಡಿತು. ಕೆಲವು ಪ್ರಾಂತಗಳಲ್ಲಿ ಲಂಬಾಣಿಗರೂ ಆ ಪಟ್ಟಿಯಲ್ಲಿ ಸೇರಿದರು. ಹುಬ್ಬಳ್ಳಿಯಲ್ಲಿ ಇಂದಿಗೂ ‘ಸೆಟ್ಲಮೆಂಟ್’ ಎಂದು ಕರೆಯಲಾಗುವ ಭಾಗವು ಅಂಥ ಸಮುದಾಯಗಳನ್ನು ಕಾವಲಿನಲ್ಲಿರಿಸಿದ್ದ ವಸತಿಯ ನೆನಪು. ಆಡಿದ ಮಾತಿನಿಂದಲೇ ಪೋಲೀಸರಿಗೆ ಗುರುತು ಸಿಗುವ ಕಾಲದಲ್ಲಿ ಯಾವ ತಾಯಿ ತಾನೇ ಮಗುವಿಗೆ ಗಟ್ಟಿಯಾಗಿ ಮಾತನಾಡೆಂದು ಹೇಳಿಯಾಳು? 1952ರಲ್ಲಿ ಕಾಯದೆ ರದ್ದಾಯಿತು. ಅಂಜಿಕೆ ಮಾತ್ರ ಅಷ್ಟು ಬೇಗನೆ ರದ್ದಾಗಲಿಲ್ಲ.

ಇಂದು ನಮ್ಮನ್ನಾಳುವ ಪರಕೀಯ ದೊರೆಯಿಲ್ಲ. ಆದರೆ ಜಗತ್ತೆಲ್ಲ ಒಂದೇ ಪೇಟೆಯಾಗಿದೆ. ತಾಂಡೆಯ ಜನ ಕೂಲಿಗಾಗಿ ಗೋವೆಗೂ ಮಹಾರಾಷ್ಟ್ರಕ್ಕೂ ಹೋಗುತ್ತಾರೆ; ಮಕ್ಕಳು ಅಂಗನವಾಡಿಯಲ್ಲಿ ಕನ್ನಡ ಕಲಿತು, ಸಾಧ್ಯವಾದರೆ ಇಂಗ್ಲಿಷ್ ಶಾಲೆ ಸೇರುತ್ತಾರೆ; ಉಳಿದ ಹೊತ್ತನ್ನು ಮೊಬೈಲು ನುಂಗುತ್ತದೆ. ಇಂಗ್ಲಿಷ್ ಬೇಡವೆಂದು ನಾನು ಹೇಳುವುದಿಲ್ಲ. ಹೊಟ್ಟೆಯ ಪಾಡನ್ನು ಬಲ್ಲವರು ಹಾಗೆ ಹೇಳಲಾರರು. ಒಂದು ನುಡಿಯನ್ನು ಕಲಿಯಲು ಇನ್ನೊಂದನ್ನು ಬಿಡಲೇಬೇಕೆಂಬ ನಂಬಿಕೆ ಮಾತ್ರ ಸುಳ್ಳು. ನಮ್ಮ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಗೋರಬೋಲಿ, ಕನ್ನಡ, ಮರಾಠಿ ಮೂರರಲ್ಲಿಯೂ ಸಂತೆ ಮಾಡಿ ಬರುತ್ತಾಳೆ.

ಸಂಖ್ಯೆಯನ್ನು ನೋಡಿದರೆ ನಮ್ಮ ನುಡಿ ಸಣ್ಣದಲ್ಲ. 2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿಯನ್ನು ತಾಯ್ನುಡಿಯೆಂದು ಬರೆಯಿಸಿದವರು 32 ಲಕ್ಷಕ್ಕೂ ಹೆಚ್ಚು. ಆದರೆ ಆ ಲೆಕ್ಕವನ್ನು ಹಿಂದಿಯ ಗುಂಪಿನಲ್ಲಿ ಕೂಡಿಸಲಾಗಿದೆ. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಅದರ ಹೆಸರಿಲ್ಲ. ಹತ್ತು ಸಾವಿರಕ್ಕಿಂತ ಕಡಿಮೆ ಜನರಾಡುವ ನುಡಿಗಳ ಹೆಸರಂತೂ ಜನಗಣತಿಯ ಪಟ್ಟಿಯಲ್ಲಿ ಬೇರೆಯಾಗಿ ಕಾಣುವುದೇ ಇಲ್ಲ. 2016ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿದ ಗಣೇಶ ದೇವಿಯವರ ಮುಂದಾಳುತನದಲ್ಲಿ ನಡೆದ ಜನಭಾಷಾ ಸಮೀಕ್ಷೆಯು ದೇಶದಲ್ಲಿ 780 ನುಡಿಗಳನ್ನು ದಾಖಲಿಸಿತು. ಲೆಕ್ಕಕ್ಕೆ ಬಂದದ್ದಕ್ಕೂ ಇರುವುದಕ್ಕೂ ಎಷ್ಟು ಅಂತರವಿದೆಯೆಂಬುದನ್ನು ಇದರಿಂದಲೇ ತಿಳಿಯಬಹುದು. ಆದರೂ ನುಡಿಯ ಆರೋಗ್ಯವನ್ನು ತಲೆಯೆಣಿಕೆಯಿಂದಲೇ ಅಳೆಯಬಾರದು. ಐದು ವರುಷದ ಮಗು ಅದನ್ನಾಡುತ್ತದೆಯೇ ಎಂಬುದೇ ನಿಜವಾದ ಅಳತೆ.

ಈ ಮಾತನ್ನು ನ್ಯೂಜಿಲೆಂಡಿನ ಮಾವೊರಿ ಜನ ಚೆನ್ನಾಗಿ ಅರಿತುಕೊಂಡರು. ತಮ್ಮ ನುಡಿ ಮುದುಕರ ಬಾಯಲ್ಲಿ ಮಾತ್ರ ಉಳಿಯತೊಡಗಿದ್ದನ್ನು ಕಂಡು, 1982ರಲ್ಲಿ ಅವರು ‘ನುಡಿಗೂಡು’ಗಳನ್ನು ಆರಂಭಿಸಿದರು. ಅಲ್ಲಿ ಅಜ್ಜ ಅಜ್ಜಿಯರೇ ಎಳೆಯ ಮಕ್ಕಳೊಡನೆ ಮಾವೊರಿಯಲ್ಲಿ ಆಡಿ ನಲಿಯುತ್ತಾರೆ. 1987ರಲ್ಲಿ ಅದು ಅಧಿಕೃತ ಭಾಷೆಯೂ ಆಯಿತು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ಒದಗಿಸಲು ಯತ್ನಿಸಬೇಕೆಂದು ನಮ್ಮ ಸಂವಿಧಾನದ 350ಎ ವಿಧಿಯೂ ಹೇಳುತ್ತದೆ. ನಮ್ಮ ತಾಂಡೆಗಳಲ್ಲಿ ಅಜ್ಜಿಯರಿಗೆ ಕೊರತೆಯಿಲ್ಲ. ಅವರನ್ನು ಅಂಗನವಾಡಿಗೆ ಕರೆಯುವವರು ಬೇಕಾಗಿದ್ದಾರೆ.

ಪರರನ್ನು ದೂರುವ ಮೊದಲು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ವಸತಿಗೃಹದಲ್ಲಿದ್ದಾಗ ಯಾಡಿ—ಅಂದರೆ ನನ್ನ ತಾಯಿ—ಫೋನು ಮಾಡಿದರೆ, ಗೆಳೆಯರು ನಕ್ಕಾರೆಂದು ನಾನು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ. ಕೆಲ ದಿನಗಳ ಮೇಲೆ ಅವಳೂ ಕನ್ನಡದಲ್ಲಿಯೇ ಮಾತನಾಡತೊಡಗಿದಳು. ಯಾವ ಸರಕಾರವೂ ಅವಳಿಗೆ ಹಾಗೆ ಅಪ್ಪಣೆ ಮಾಡಿರಲಿಲ್ಲ.

ಆ ಮದುವೆಯಿಂದೀಚೆಗೆ ಅಜ್ಜಿಯ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಒಂದು ನೋಟಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಯಾಡಿಗೆ ಗೋರಬೋಲಿಯಲ್ಲಿಯೇ ಉತ್ತರ ಕೊಡುತ್ತೇನೆ, ತಪ್ಪಿದರೆ ಅವಳು ತಿದ್ದುತ್ತಾಳೆ. ಸಹಪಾಠಿಗಳೇ, ನಿಮ್ಮ ಮನೆಗಳಲ್ಲಿಯೂ ಇಂಥ ನುಡಿಗಳಿರಬಹುದು. ಗುರುಗಳಲ್ಲಿ ನನ್ನದೊಂದು ಬಿನ್ನಹ: ಮುಂದಿನ ವರುಷದ ಈ ಸಂಚಿಕೆಯಲ್ಲಿ ಅವುಗಳಿಗೆಂದು ನಾಲ್ಕು ಪುಟಗಳನ್ನು ತೆಗೆದಿಡಬೇಕು. ಮರಾಠಿ ಶಾಲೆಯಲ್ಲಿ ಕುಳಿತ ಕನ್ನಡದ ಮಗುವಿನ ನೋವನ್ನು ಒಮ್ಮೆ ಅರಿತ ಊರು, ಕನ್ನಡ ಶಾಲೆಯಲ್ಲಿ ಕುಳಿತ ತಾಂಡೆಯ ಮಗುವಿನ ನೋವನ್ನು ಅರಿಯದೆ ಇರಲಾರದು.