ಏನೂ ಇಲ್ಲದ ಅಕ್ಷರ ಕಳಿಸುತ್ತ ಕಾಯುವುದು

ಮೊನ್ನೆ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ‘ಇನ್ಫೋಸಿಎಂಪಿ’ ಆದೇಶ ಕೊಟ್ಟು ವಿಟಿ100 ಟರ್ಮಿನಲ್ಲಿನ ಜಾತಕ ತೆಗೆಸಿದೆ. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1978ರಲ್ಲಿ ಹೊರತಂದ, ತಂತಿಯಲ್ಲಿ ಕಂಪ್ಯೂಟರಿಗೆ ಜೋಡಿಸುವ ಪರದೆ-ಕೀಲಿಮಣೆಯ ಯಂತ್ರವದು. ಪರದೆ ಅಳಿಸುವ ಸಂಕೇತದ ಬಾಲದಲ್ಲಿ $<50> ಅಂತಿತ್ತು. ಅಳಿಸೆಂದು ಹೇಳಿದ ಮೇಲೆ 50 ಮಿಲಿಸೆಕೆಂಡ್ ಬಿಡುವು ಕೊಡು ಎಂದರ್ಥ. ಕರ್ಸರನ್ನು ಬೇಕಾದಲ್ಲಿಗೆ ಒಯ್ಯಲು 5, ಒಂದು ಸಾಲು ಮೇಲೇರಿಸಲು 2. ಯಂತ್ರ ಗುಜರಿ ಸೇರಿ ಎಷ್ಟೋ ಕಾಲವಾಯಿತು, ಅದರ ಸುಸ್ತಿನ ಲೆಕ್ಕ ಮಾತ್ರ ನನ್ನ ಹಾರ್ಡ್‌ಡಿಸ್ಕಿನಲ್ಲಿ ಕ್ಷೇಮವಾಗಿದೆ!

ಆ ಬಿಡುವಿನಲ್ಲಿ ಕಂಪ್ಯೂಟರ್ ಸುಮ್ಮನೆ ಕೂರುತ್ತದೆ ಅಂದುಕೊಂಡಿರಾ? ಹಾಗೆ ಕೂತರೆ ಕೆಲಸ ಕೆಡುತ್ತದೆ. ಪ್ರೋಗ್ರಾಂ ಬರೆದದ್ದು ನೇರ ತಂತಿಗೆ ಹೋಗುವುದಿಲ್ಲ, ಬಫರಿನಲ್ಲಿ ಸರದಿ ಕಾಯುತ್ತದೆ. ಪ್ರೋಗ್ರಾಂ ನಿದ್ದೆ ಮಾಡಿ ಎದ್ದರೂ ಅಳಿಸುವ ಆದೇಶ ಇನ್ನೂ ಸರದಿಯಲ್ಲೇ ಇದ್ದೀತು. ಅದಕ್ಕೇ ಹಳಬರು ‘ನಲ್’ ಅಕ್ಷರಗಳನ್ನು ತುರುಕಿದರು. ಅದರ ಬೆಲೆ ಸೊನ್ನೆ. ಬಂದರೂ ಟರ್ಮಿನಲ್ ಲೆಕ್ಕಕ್ಕಿಡುವುದಿಲ್ಲ, ತಂತಿಯ ಮೇಲೆ ಮಾತ್ರ ಹೊತ್ತು ಹೋಗುತ್ತದೆ. 9600 ಬಾಡ್ ವೇಗದಲ್ಲಿ ಸೆಕೆಂಡಿಗೆ 960 ಅಕ್ಷರ, ಅಂದರೆ 50 ಮಿಲಿಸೆಕೆಂಡಿಗೆ 48 ನಲ್. 1200 ಬಾಡಿನಲ್ಲಾದರೆ ಆರೇ ಸಾಕು.

ಈ ಉಪಾಯ ಪರದೆಗಿಂತ ಹಳೆಯದು. 1963ರ ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ ಹತ್ತು ಅಕ್ಷರ ಕಾಗದದ ಮೇಲೆ ಕುಟ್ಟುತ್ತಿತ್ತು. ಅಚ್ಚಿನ ತಲೆ ಬಲತುದಿಯಿಂದ ಎಡಕ್ಕೆ ಮರಳಲು ಒಂದು ಅಕ್ಷರದ ಹೊತ್ತು ಸಾಲದು. ಅವಸರಪಟ್ಟು ಮುಂದಿನ ಅಕ್ಷರ ಕಳಿಸಿದರೆ ತಲೆ ಓಡುತ್ತಿರುವಾಗಲೇ ಸಾಲಿನ ನಡುವೆಲ್ಲೋ ಅದು ಬಿದ್ದು ಮಸಿಯಾಗುತ್ತಿತ್ತು. ಆದ್ದರಿಂದ ಮೊದಲು ‘ಎಡಕ್ಕೆ ಮರಳು’, ಆಮೇಲೆ ‘ಕಾಗದ ಏರಿಸು’. ಕಾಗದ ಏರುವಷ್ಟರಲ್ಲಿ ತಲೆ ಎಡತುದಿ ಸೇರುತ್ತಿತ್ತು. ವಿಂಡೋಸಿನ ಪಠ್ಯ ಕಡತಗಳು ಪ್ರತಿ ಸಾಲಿನ ಕೊನೆಗೆ ಈ ಜೋಡಿಯನ್ನು ಈಗಲೂ ಹೊತ್ತು ತಿರುಗುತ್ತಿವೆ.

ಟರ್ಮಿನಲ್‌ಗೊಂದು ತಡೆ (ಅದೇ ಆ ಬಿಡುವು), ಕಂಪನಿಗೊಂದು ಸಂಕೇತ ಎಂಬಂತಾದಾಗ, ಬರ್ಕ್ಲಿಯಲ್ಲಿ ‘ವಿಐ’ ಸಂಪಾದಕ ಬರೆದ ಬಿಲ್ ಜಾಯ್ ಇವನ್ನೆಲ್ಲ ‘ಟರ್ಮ್‌ಕ್ಯಾಪ್’ ಎಂಬ ಒಂದೇ ಕಡತಕ್ಕೆ ತಂದರು. ಅದರಲ್ಲಿ ತಡೆಯ ಅಂಕಿಯ ಪಕ್ಕ ನಕ್ಷತ್ರ ಚಿಹ್ನೆಯಿದ್ದರೆ, ಎಷ್ಟು ಸಾಲು ಅಲುಗುತ್ತವೋ ಅಷ್ಟು ಪಟ್ಟು ತಡೆ. ಜಾಣತನವೇ, ಆದರೂ ನನ್ನ ಕಣ್ಣಿಗೆ ಇದು ಅಂದಾಜಿನ ವ್ಯಾಪಾರ. ‘ಸಾಕು, ನಿಲ್ಲಿಸು’ ಎಂದು ಟರ್ಮಿನಲ್ಲೇ ಹೇಳುವ ಎಕ್ಸ್‌ಆಫ್ ಪದ್ಧತಿಯೇ ನ್ಯಾಯವಾದದ್ದು. ಕಂಟ್ರೋಲ್-ಎಸ್ ಒತ್ತಿ ಪರದೆ ಕಲ್ಲಾಯಿತೆಂದು ಗಾಬರಿಯಾದವರು ಈ ಪದ್ಧತಿಯನ್ನು ಬಲ್ಲರು. ಬಿಡುಗಡೆಗೆ ಕಂಟ್ರೋಲ್-ಕ್ಯೂ ಇದೆ.

ಈಗಿನ ಟರ್ಮಿನಲ್ ಬರೀ ಒಂದು ಕಿಟಕಿ. ಅದಕ್ಕೆ ಬಿಡುವು ಬೇಕಿಲ್ಲ. ಈ ತಡೆಗಳನ್ನೆಲ್ಲ ಆರಿಸುವ ಅವಕಾಶ ‘ಎನ್‌ಕರ್ಸಸ್’ ತಂತ್ರಾಂಶದಲ್ಲಿದೆ. ಹಾಗೆ ಆರಿಸಿದರೂ ಆರದ ಒಂದು ತಡೆ ‘ಎಕ್ಸ್‌ಟರ್ಮ್’ ಎಂಬ ಟರ್ಮಿನಲ್ ಕಿಟಕಿಯ ಪಟ್ಟಿಯಲ್ಲಿ ಕಂಡಿತು: $<100/>. ಆ ಓರೆಗೆರೆ ‘ಕಡ್ಡಾಯ’ದ ಗುರುತು. ಗಂಟೆ ಬಾರಿಸುವ ಬದಲು ಪರದೆಯ ಕಪ್ಪು-ಬಿಳುಪನ್ನು ಒಮ್ಮೆ ಅದಲುಬದಲಾಗಿಸಿ ಮರಳಿಸುವ ಆದೇಶದ ನಡುವೆ ಅದು ಕೂತಿದೆ. ತಡೆಯಿಲ್ಲದಿದ್ದರೆ ಆ ಮಿಂಚು ನಮಗೆ ಕಾಣುವುದೇ ಇಲ್ಲ. ಈ 100 ಮಿಲಿಸೆಕೆಂಡ್ ಯಂತ್ರಕ್ಕಲ್ಲ, ನಮ್ಮ ಕಣ್ಣಿಗೆ. ಎಕ್ಸ್‌ಟರ್ಮ್ ಕಿಟಕಿಯಲ್ಲಿ ‘ಟಿಪುಟ್ ಫ್ಲ್ಯಾಶ್’ ಎಂದು ಕೊಟ್ಟು ನೀವೇ ನೋಡಿ.