ತರಬೇತಿನ ಫಲವನ್ನು ಅಳೆಯುವುದು ಹೇಗೆ?

ಧಾರಾವಿಯ ತೊಂಬತ್ತು ಅಡಿ ರಸ್ತೆಯಲ್ಲಿ ಹೋಟೆಲು ನಡೆಸುವವರಿಗೂ, ಕೋಟೆ ವಿಭಾಗದ ದೊಡ್ಡ ಕಂಪೆನಿಗಳಿಗೂ ಇಂದು ನೌಕರರ ತರಬೇತೆಂಬುದು ತಪ್ಪದ ಮಾತಾಗಿದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2017ರಲ್ಲಿ ‘ಫಾಸ್ಟಾಕ್’ ಎಂಬ ಶಿಕ್ಷಣಕ್ರಮವನ್ನು ಆರಂಭಿಸಿತು. ಆಹಾರವನ್ನು ಮುಟ್ಟಿ ಕೆಲಸಮಾಡುವ ಪ್ರತಿ 25 ಮಂದಿಗೆ ತರಬೇತು ಪಡೆದ ಮೇಲ್ವಿಚಾರಕನೊಬ್ಬನಾದರೂ ಇರಬೇಕೆಂಬುದು ಪ್ರಾಧಿಕಾರದ ಅಪೇಕ್ಷೆ. ತರಗತಿ ಮುಗಿದೊಡನೆ ಪ್ರಮಾಣಪತ್ರ ಬರುತ್ತದೆ; ಧಣಿಗಳು ಅದಕ್ಕೆ ಚೌಕಟ್ಟು ಹಾಕಿಸಿ ಗಲ್ಲಾದ ಹಿಂದೆ ತೂಗಹಾಕುತ್ತಾರೆ. ಅಲ್ಲಿಗೆ ಕೆಲಸ ತೀರಿತೆಂದು ಭಾವಿಸುವುದು ಯುಕ್ತವಲ್ಲ.

ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್‌ರವರು 1959ರಲ್ಲಿ ಇಂತಹ ತರಬೇತಿಗೆ ನಾಲ್ಕು ಪರೀಕ್ಷೆಗಳನ್ನು ಸೂಚಿಸಿದರು. ಪಾಠವು ಕಲಿತವರಿಗೆ ಹಿಡಿಸಿತೆ? ಅವರು ನಿಜವಾಗಿ ಏನನ್ನಾದರೂ ಕಲಿತರೆ? ಕಲಿತುದು ಕೆಲಸದಲ್ಲಿ ಕಾಣುತ್ತಿದೆಯೆ? ಅದರಿಂದ ಸಂಸ್ಥೆಗೆ ಪ್ರಯೋಜನವಾಯಿತೆ? ಮೊದಲಿನ ಎರಡಕ್ಕೆ ತರಗತಿಯಲ್ಲಿಯೇ ಉತ್ತರ ದೊರೆಯುತ್ತದೆ. ಉಳಿದೆರಡಕ್ಕೆ ಅಡಿಗೆಮನೆಗೆ ಹೋಗಬೇಕು, ತಿಂಗಳುಗಟ್ಟಲೆ ಕಾಯಬೇಕು. ಆದುದರಿಂದಲೇ ಹೆಚ್ಚಿನವರು ಎರಡನೆಯದಕ್ಕೇ ನಿಂತುಬಿಡುತ್ತಾರೆ.

ಹೋಟೆಲು ನಡೆಸಿ ಬಂದ ನಮಗೆ ತೋರುವ ಕ್ರಮ ಸರಳವಾದುದು. ತರಬೇತಿಗೆ ಮುಂಚೆ ಒಂದು ತಿಂಗಳು ಲೆಕ್ಕವಿಡಿರಿ: ಚೆಲ್ಲಿದ ಸಾಂಬಾರೆಷ್ಟು, ಒಡೆದ ಕಪ್ಪುಬಶಿಗಳೆಷ್ಟು, ಗಿರಾಕಿಗಳ ದೂರುಗಳೆಷ್ಟು. ಮೂರು ತಿಂಗಳ ಬಳಿಕ ಪುನಃ ಅದೇ ಲೆಕ್ಕವನ್ನು ಬರೆಯಿರಿ. ಆ ನಡುವೆ ಹೊಸ ಅಡಿಗೆಯವನು ಬಂದಿದ್ದರೆ ಅವನ ಕೈಗುಣವನ್ನು ತರಬೇತಿನ ಖಾತೆಗೆ ಜಮಾ ಮಾಡಬೇಡಿರಿ. ಮೇಜಿಗೊಂದು, ಪಾತ್ರೆಗೊಂದು ಬಟ್ಟೆ ಬೇಕೆಂದು ಹುಡುಗನು ಕಲಿತು ಬಂದಾಗ ಧಣಿಯು ಒಂದೇ ಬಟ್ಟೆ ಕೊಟ್ಟರೆ, ನೀರು ಹೊತ್ತು ನೋಡಿ ಬರುವ ಗಲ್ಲಿಯಲ್ಲಿ ಒಂದು ಪೀಪಾಯಿಯನ್ನೂ ಹೆಚ್ಚಾಗಿ ಇಡದಿದ್ದರೆ, ಸೋತುದು ಹುಡುಗನಲ್ಲ.

ಈ ನಾಲ್ಕರ ಮೇಲೆ ಐದನೆಯದೊಂದನ್ನು ನಾವು ಕೇಳಬಯಸುತ್ತೇವೆ: ಕಲಿತವನು ಮೇಲೆ ಬಂದನೆ? ಮುಂಬಯಿಯ ಕನ್ನಡ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳ ಸಾರ್ಥಕ್ಯ ಈ ಪ್ರಶ್ನೆಯಲ್ಲಿಯೇ ಇತ್ತು. ಹಗಲೆಲ್ಲ ಮುಸುರೆ ತೊಳೆದ ಹುಡುಗರು ರಾತ್ರಿ ಓದಿ ಗುಮಾಸ್ತರಾದರು. ಧಾರಾವಿಗೆ ನೆರೆಯ ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಸ್ಥಾಪಿಸಿದ ಎ. ರಾಮ ನಾಯಕರೂ ಅಡಿಗೆಮನೆಯ ಚಿಕ್ಕ ಕೆಲಸದಿಂದಲೇ ಮೇಲೆ ಬಂದವರು.

‘ಕಲಿಸಿದರೆ ಬೇರೆ ಹೋಟೆಲಿಗೆ ಓಡುತ್ತಾನೆ’ ಎಂಬುದು ಧಣಿಗಳ ಅಳಲು. ಕಲಿತ ಮೇಲೆಯೂ ಹಳೆಯ ಸಂಬಳವೇ ಆದರೆ ಯಾರು ತಾನೆ ನಿಂತಾರು? ತರಬೇತಿಗೆ ಕಳುಹಿಸುವ ದಿನವೇ, ಮರಳಿ ಬಂದವನಿಗೆ ಯಾವ ಕೆಲಸ, ಎಷ್ಟು ಬಡ್ತಿ ಎಂಬುದನ್ನು ಗೊತ್ತುಮಾಡಿರಿ. ಕಾರ್ಮಿಕ ಬಂಧುಗಳೂ ಇದನ್ನು ಸಂಕೋಚವಿಲ್ಲದೆ ಕೇಳಬೇಕು. ಪ್ರಮಾಣಪತ್ರವಿರುವುದು ನಿಮ್ಮ ಹೆಸರಿನಲ್ಲಿ, ಅದರ ಪ್ರತಿಯೊಂದು ನಿಮ್ಮ ಟ್ರಂಕಿನಲ್ಲಿಯೂ ಇರಲಿ.